ಇಂಗ್ಲಿಷಿನ ‘ವೆರಿ’: ಅರ್ಥ ಮತ್ತು ಬಳಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಯಲು ತೊಡಗಿದ ಮಕ್ಕಳ ಕಿವಿಗೆ ಮೊದಮೊದಲು ಬೀಳುವ ಮಾತುಗಳಲ್ಲಿ ‘ವೆರಿ ಗುಡ್’ ಒಂದು. ಇಷ್ಟು ಪರಿಚಿತವಾದ ಪದವೇ ಮುಂದೆ ಪದವಿ ಮುಗಿಸಿದವರ ಅರ್ಜಿಗಳಲ್ಲಿ, ಕಚೇರಿಯ ಇಮೇಲುಗಳಲ್ಲಿ, ಸಂದರ್ಶನದ ಉತ್ತರಗಳಲ್ಲಿ ಎಡವಟ್ಟಾಗಿ ಕಾಣಿಸಿಕೊಳ್ಳುವುದುಂಟು. ಅದಕ್ಕೆ ಕಾರಣ ಕಲಿಯುವವರ ಅಸಡ್ಡೆಯಲ್ಲ, ಕನ್ನಡದ ‘ತುಂಬಾ’ ಪದದ ಹರವು. ಈ ಪುಟದ ಹೆಚ್ಚಿನ ಉತ್ತರಗಳು ಆ ಒಂದು ಸಂಗತಿಯನ್ನು ಆಧರಿಸಿವೆ.

‘ವೆರಿ’ ಎಂದರೆ ‘ತುಂಬಾ’ ಎಂದೇ ಅಲ್ಲವೇ?

ನಿಘಂಟುಗಳು ಹಾಗೆ ಹೇಳುತ್ತವೆ, ಆದರೆ ಅದು ಪೂರ್ಣ ಉತ್ತರವಲ್ಲ. ಕನ್ನಡದಲ್ಲಿ ‘ತುಂಬಾ’ ಕನಿಷ್ಠ ನಾಲ್ಕು ಕೆಲಸ ಮಾಡುತ್ತದೆ. ‘ಆ ಮರ ತುಂಬಾ ಎತ್ತರ’ ಎಂದಾಗ ಅದು ಗುಣದ ಮಟ್ಟವನ್ನು ತಿಳಿಸುತ್ತದೆ. ‘ಜಾತ್ರೆಗೆ ತುಂಬಾ ಜನ ಬಂದಿದ್ದರು’ ಎಂದಾಗ ಸಂಖ್ಯೆಯನ್ನೂ, ‘ಅವಳು ತುಂಬಾ ಅತ್ತಳು’ ಎಂದಾಗ ಕ್ರಿಯೆಯ ತೀವ್ರತೆಯನ್ನೂ ತಿಳಿಸುತ್ತದೆ. ‘ಈ ಅಂಗಿ ನನಗೆ ತುಂಬಾ ದೊಡ್ಡದಾಯಿತು’ ಎಂದಾಗ ಅಳತೆ ಮೀರಿತೆಂದು ಹೇಳುತ್ತದೆ. ಇಂಗ್ಲಿಷಿನ ‘ವೆರಿ’ ಇವುಗಳಲ್ಲಿ ಮೊದಲನೆಯ ಕೆಲಸವನ್ನು ಮಾತ್ರ ಮಾಡುತ್ತದೆ. ಎರಡನೆಯದಕ್ಕೆ ‘ಮೆನಿ’, ‘ಎ ಲಾಟ್ ಆಫ್’, ಮೂರನೆಯದಕ್ಕೆ ‘ವೆರಿ ಮಚ್’, ‘ಎ ಲಾಟ್’, ನಾಲ್ಕನೆಯದಕ್ಕೆ ‘ಟೂ’ ಬೇಕು. ಆದ್ದರಿಂದ ವಾಕ್ಯ ಬರೆಯುವ ಮೊದಲು ನನ್ನ ಮನಸ್ಸಿನಲ್ಲಿರುವ ‘ತುಂಬಾ’ ಈ ನಾಲ್ಕರಲ್ಲಿ ಯಾವುದು ಎಂದು ಕೇಳಿಕೊಂಡರೆ ಮುಕ್ಕಾಲು ಪಾಲು ತಪ್ಪುಗಳು ಹುಟ್ಟುವುದೇ ಇಲ್ಲ.

ಹಾಗಾದರೆ ‘ವೆರಿ’ ಎಂತಹ ಪದಗಳ ಮುಂದೆ ಬರಬಹುದು?

ಹೆಚ್ಚು ಕಡಿಮೆ ಎಂದು ಅಳೆಯಲು ಬರುವ ಗುಣವಾಚಕಗಳ ಮುಂದೆ ಮತ್ತು ಕ್ರಿಯಾವಿಶೇಷಣಗಳ ಮುಂದೆ ಬರಬಹುದು: ‘ವೆರಿ ಟಾಲ್’, ‘ವೆರಿ ಹ್ಯಾಪಿ’, ‘ವೆರಿ ಸ್ಲೋಲಿ’, ‘ವೆರಿ ಆಫನ್’. ಕ್ರಿಯಾಪದದ ಮುಂದೆ ಅದು ನಿಲ್ಲುವುದಿಲ್ಲ. ನಾಮಪದದ ಮುಂದೆ ‘ತುಂಬಾ’ ಎಂಬ ಅರ್ಥದಲ್ಲಿ ನಿಲ್ಲುವುದಿಲ್ಲ. ನಾಮಪದದ ಮುಂದೆ ಬೇರೆಯದೇ ಅರ್ಥದಲ್ಲಿ ಬರುತ್ತದೆ, ಅದನ್ನು ಕೆಳಗೆ ವಿವರಿಸಲಾಗಿದೆ.

‘ಐ ವೆರಿ ಲೈಕ್ ಫಿಲ್ಟರ್ ಕಾಫಿ’ ಎನ್ನಬಾರದೇಕೆ?

‘ಲೈಕ್’ ಇಲ್ಲಿ ಕ್ರಿಯಾಪದ. ಕನ್ನಡದಲ್ಲಿ ‘ನನಗೆ ಕಾಫಿ ತುಂಬಾ ಇಷ್ಟ’ ಎನ್ನುವಾಗ ‘ಇಷ್ಟ’ ನಾಮಪದದಂತೆ ನಿಲ್ಲುತ್ತದೆ, ಅದರ ಮುಂದೆ ‘ತುಂಬಾ’ ಸಲೀಸಾಗಿ ಕೂರುತ್ತದೆ. ಇಂಗ್ಲಿಷಿನಲ್ಲಿ ಅದೇ ಭಾವ ಕ್ರಿಯಾಪದದ ರೂಪ ತಾಳುವುದರಿಂದ ‘ವೆರಿ’ಗೆ ಅಲ್ಲಿ ಜಾಗವಿಲ್ಲ. ‘ಐ ಲೈಕ್ ಫಿಲ್ಟರ್ ಕಾಫಿ ವೆರಿ ಮಚ್’ ಎನ್ನಬೇಕು, ಇಲ್ಲವೇ ‘ಐ ರಿಯಲಿ ಲೈಕ್ ಫಿಲ್ಟರ್ ಕಾಫಿ’ ಎನ್ನಬೇಕು. ಎರಡನೆಯದು ಮಾತಿನಲ್ಲಿ ಹೆಚ್ಚು ಸಹಜ.

‘ವೆರಿ ಮಚ್’ ಎಲ್ಲಿ ಕೂರಬೇಕು ಎಂಬುದರಲ್ಲೂ ಎಚ್ಚರ ಬೇಕು. ಇಂಗ್ಲಿಷ್ ಕ್ರಿಯಾಪದವು ತನ್ನ ಕರ್ಮಪದವನ್ನು ಸಾಮಾನ್ಯವಾಗಿ ಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ, ನಡುವೆ ಇನ್ನೊಂದು ಪದ ನುಗ್ಗುವುದನ್ನು ಒಪ್ಪುವುದಿಲ್ಲ. ಹಾಗಾಗಿ ‘ಐ ಲೈಕ್ ವೆರಿ ಮಚ್ ಕಾಫಿ’ ಎಂಬುದು ತಪ್ಪು. ‘ವೆರಿ ಮಚ್’ ವಾಕ್ಯದ ಕೊನೆಗೆ ಹೋಗುತ್ತದೆ, ಅಥವಾ ‘ಐ ವೆರಿ ಮಚ್ ಹೋಪ್’ ಎಂಬಂತಹ ಔಪಚಾರಿಕ ಮಾತುಗಳಲ್ಲಿ ಕ್ರಿಯಾಪದದ ಮುಂದೆ ಬರುತ್ತದೆ.

ರಜಾ ಅರ್ಜಿಯಲ್ಲಿ ‘ವೆರಿ ಫೀವರ್’ ಎಂದು ಬರೆದರೆ ತಪ್ಪೇ?

ತಪ್ಪು. ಇದು ಹೇಗೆ ಹುಟ್ಟುತ್ತದೆಂದು ನೋಡಿದರೆ ಇಂತಹ ಹತ್ತಾರು ತಪ್ಪುಗಳ ಬೇರು ಸಿಗುತ್ತದೆ. ‘ನನಗೆ ತುಂಬಾ ಜ್ವರ ಇರುವುದರಿಂದ ಎರಡು ದಿನ ರಜೆ ಕೊಡಬೇಕು’ ಎಂಬುದು ಮನಸ್ಸಿನಲ್ಲಿ ಮೊದಲು ಮೂಡುವ ವಾಕ್ಯ. ಅದನ್ನು ಪದಕ್ಕೆ ಪದ ಇಟ್ಟು ಬರೆದರೆ ‘ಆಸ್ ಐ ಆಮ್ ಸಫರಿಂಗ್ ಫ್ರಮ್ ವೆರಿ ಫೀವರ್’ ಎಂದಾಗುತ್ತದೆ. ‘ಜ್ವರ’ ನಾಮಪದ, ‘ಫೀವರ್’ ಕೂಡ ನಾಮಪದ. ನಾಮಪದದ ತೀವ್ರತೆಯನ್ನು ಹೇಳಲು ಇಂಗ್ಲಿಷಿನಲ್ಲಿ ನಡುವೆ ಒಂದು ಗುಣವಾಚಕ ಬೇಕೇ ಬೇಕು, ಮತ್ತು ಆ ಗುಣವಾಚಕ ನಾಮಪದದಿಂದ ನಾಮಪದಕ್ಕೆ ಬದಲಾಗುತ್ತದೆ. ಜ್ವರಕ್ಕೆ ‘ಹೈ ಫೀವರ್’, ಮಳೆಗೆ ‘ಹೆವಿ ರೇನ್’, ಗಾಳಿಗೆ ‘ಸ್ಟ್ರಾಂಗ್ ವಿಂಡ್’, ನೋವಿಗೆ ‘ಸಿವಿಯರ್ ಪೇನ್’, ವಾಹನ ದಟ್ಟಣೆಗೆ ‘ಹೆವಿ ಟ್ರಾಫಿಕ್’. ಗುಣವಾಚಕ ಬಂದ ಮೇಲೆ ಬೇಕಿದ್ದರೆ ಅದರ ಮುಂದೆ ‘ವೆರಿ’ ಸೇರಿಸಬಹುದು: ‘ಎ ವೆರಿ ಹೈ ಫೀವರ್’, ‘ವೆರಿ ಹೆವಿ ರೇನ್’. ಹವಾಮಾನ ಇಲಾಖೆಯ ಮುನ್ಸೂಚನೆಗಳಲ್ಲಿ ‘ಹೆವಿ’, ‘ವೆರಿ ಹೆವಿ’, ‘ಎಕ್ಸ್‌ಟ್ರೀಮ್ಲಿ ಹೆವಿ’ ಎಂಬ ಮೂರು ಮಟ್ಟಗಳಿಗೂ ಮಿಲಿಮೀಟರ್ ಲೆಕ್ಕದಲ್ಲಿ ಬೇರೆ ಬೇರೆ ಮಿತಿಗಳಿವೆ. ಅಲ್ಲಿ ‘ವೆರಿ’ ಎಂಬುದು ಒತ್ತು ಕೊಡುವ ಮಾತಾಗಿ ಉಳಿಯದೆ ಒಂದು ನಿಶ್ಚಿತ ಅಳತೆಯಾಗಿದೆ.

ಈ ಜೋಡಿಗಳಿಗೆ ಸೂತ್ರವಿಲ್ಲ. ನಾಮಪದವನ್ನು ಕಲಿಯುವಾಗಲೇ ಅದರ ಜೊತೆಗಾರ ಪದವನ್ನೂ ಕಲಿಯುವುದು ಉತ್ತಮ. ಕೆಲವು ಗುಣವಾಚಕಗಳಿಗೂ ಇಂತಹ ಖಾಸಾ ಜೊತೆಗಾರರಿದ್ದಾರೆ: ಪೂರ್ಣ ಎಚ್ಚರವಾಗಿದ್ದರೆ ‘ವೈಡ್ ಅವೇಕ್’, ಗಾಢ ನಿದ್ರೆಯಲ್ಲಿದ್ದರೆ ‘ಫಾಸ್ಟ್ ಅಸ್ಲೀಪ್’.

‘ಸ್ಯಾಲರಿ ಈಸ್ ವೆರಿ ಲೆಸ್’ ಎಂದು ಎಲ್ಲರೂ ಹೇಳುತ್ತಾರಲ್ಲ?

ಹೇಳುತ್ತಾರೆ. ಬೆಂಗಳೂರಿನ ಕಚೇರಿಗಳಲ್ಲಿ ಇದು ದಿನನಿತ್ಯದ ಮಾತು, ಮತ್ತು ಕೇಳುವವರಿಗೆ ಅರ್ಥವೂ ಆಗುತ್ತದೆ. ಆದರೂ ಬರವಣಿಗೆಯಲ್ಲಿ ಇದನ್ನು ಬಿಡಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕೆ ವ್ಯಾಕರಣದ ಕಾರಣವಿದೆ.

ಕನ್ನಡದ ‘ಕಡಿಮೆ’ ಎಂಬುದು ಹೋಲಿಕೆಯ ರೂಪವಲ್ಲ. ‘ಸಂಬಳ ಕಡಿಮೆ’ ಎನ್ನಬಹುದು, ‘ಅವನಿಗಿಂತ ಕಡಿಮೆ’ ಎನ್ನಬಹುದು, ‘ತುಂಬಾ ಕಡಿಮೆ’ ಎನ್ನಲೂಬಹುದು. ಇಂಗ್ಲಿಷಿನ ‘ಲೆಸ್’ ಹಾಗಲ್ಲ. ಅದು ‘ಲಿಟಲ್’ ಎಂಬುದರ ಹೋಲಿಕೆಯ ರೂಪ, ಅಂದರೆ ‘ಇನ್ನೊಂದಕ್ಕಿಂತ ಕಡಿಮೆ’ ಎಂಬ ಅರ್ಥ ಅದರೊಳಗೇ ಇದೆ. ಹೋಲಿಕೆಯ ರೂಪಗಳ ಮುಂದೆ ‘ವೆರಿ’ ಬರುವುದಿಲ್ಲ. ಆದ್ದರಿಂದ ‘ತುಂಬಾ ಕಡಿಮೆ’ ಎಂಬುದನ್ನು ಇಂಗ್ಲಿಷಿಗೆ ತರುವಾಗ ಯಾವುದು ಕಡಿಮೆ ಎಂದು ಮೊದಲು ನೋಡಬೇಕು. ಸಂಬಳ, ಬೆಲೆ, ಅಂಕ, ಉಷ್ಣಾಂಶ ಇವು ಮೇಲೆ ಕೆಳಗೆ ಹೋಗುವ ಮಟ್ಟಗಳು, ಇವುಗಳಿಗೆ ‘ವೆರಿ ಲೋ’. ಎಣಿಸಬಹುದಾದ ಜನ, ಪುಸ್ತಕ, ಬಸ್ಸುಗಳಿಗೆ ‘ವೆರಿ ಫ್ಯೂ’. ಎಣಿಸಲಾಗದ ನೀರು, ಸಮಯ, ಹಣಗಳಿಗೆ ‘ವೆರಿ ಲಿಟಲ್’. ‘ನಮ್ಮೂರಿಗೆ ಬಸ್ಸು ತುಂಬಾ ಕಡಿಮೆ’ ಎಂಬುದು ‘ದೇರ್ ಆರ್ ವೆರಿ ಫ್ಯೂ ಬಸಸ್ ಟು ಅವರ್ ವಿಲೇಜ್’ ಎಂದಾಗುತ್ತದೆ. ‘ಕೆರೆಯಲ್ಲಿ ನೀರು ತುಂಬಾ ಕಡಿಮೆ ಇದೆ’ ಎಂಬುದು ‘ದೇರ್ ಈಸ್ ವೆರಿ ಲಿಟಲ್ ವಾಟರ್ ಇನ್ ದ ಲೇಕ್’ ಎಂದಾಗುತ್ತದೆ. ‘ಹೋದ ವರ್ಷಕ್ಕಿಂತ ತುಂಬಾ ಕಡಿಮೆ’ ಎಂಬಂತೆ ನಿಜಕ್ಕೂ ಹೋಲಿಕೆ ಇದ್ದಾಗ ಮಾತ್ರ ‘ಲೆಸ್’ ಬರುತ್ತದೆ, ಆಗ ಅದರ ಮುಂದೆ ‘ಮಚ್’ ಇರಬೇಕು: ‘ಮಚ್ ಲೆಸ್ ದ್ಯಾನ್ ಲಾಸ್ಟ್ ಇಯರ್’.

‘ವೆರಿ ಬೆಟರ್’, ‘ವೆರಿ ಬಿಗರ್’ ಎಂಬವೂ ಇದೇ ಕಾರಣಕ್ಕೆ ತಪ್ಪು. ‘ಮಚ್ ಬೆಟರ್’, ‘ಫಾರ್ ಬಿಗರ್’ ಎನ್ನಬೇಕು.

‘ವೆರಿ’ ಮತ್ತು ‘ಟೂ’ ನಡುವೆ ನಿಜವಾದ ವ್ಯತ್ಯಾಸವೇನು?

‘ವೆರಿ’ ಮಟ್ಟವನ್ನು ಹೇಳಿ ಸುಮ್ಮನಾಗುತ್ತದೆ. ‘ಟೂ’ ಆ ಮಟ್ಟ ಮಿತಿಯನ್ನು ದಾಟಿತು, ಅದರಿಂದ ತೊಂದರೆಯಾಗುತ್ತದೆ ಎಂದು ಹೇಳುತ್ತದೆ. ದರ್ಜಿಯ ಅಂಗಡಿಯಲ್ಲಿ ಹೊಲಿಸಿದ ರವಿಕೆಯನ್ನು ಹಾಕಿ ನೋಡಿ ‘ಇಟ್ ಈಸ್ ವೆರಿ ಟೈಟ್’ ಎಂದರೆ ಅದು ಬಿಗಿಯಾಗಿದೆ ಎಂಬ ಮಾಹಿತಿ ಮಾತ್ರ, ಹಾಗೇ ಬೇಕಿದ್ದವರೂ ಇರಬಹುದು. ‘ಇಟ್ ಈಸ್ ಟೂ ಟೈಟ್’ ಎಂದರೆ ತೊಡಲಾಗದಷ್ಟು ಬಿಗಿಯಾಗಿದೆ, ಹೊಲಿಗೆ ಬಿಚ್ಚಿ ಸಡಿಲಿಸಬೇಕು ಎಂದೇ ಅರ್ಥ. ಕನ್ನಡದಲ್ಲಿ ಈ ಅರ್ಥವನ್ನು ‘ಲಾಗದಷ್ಟು’ ಎಂಬ ರೂಪದಿಂದಲೋ ‘ತೀರಾ’ ಎಂಬ ಪದದಿಂದಲೋ ಹೇಳುತ್ತೇವೆ: ‘ಕುಡಿಯಲಾಗದಷ್ಟು ಬಿಸಿ’ ಎಂಬುದು ‘ಟೂ ಹಾಟ್ ಟು ಡ್ರಿಂಕ್’. ನಿಮ್ಮ ವಾಕ್ಯವನ್ನು ‘ಲಾಗದಷ್ಟು’ ಸೇರಿಸಿ ಹೇಳಿದರೂ ಅರ್ಥ ಕೆಡದಿದ್ದರೆ ಅಲ್ಲಿ ‘ಟೂ’ ಬಳಸಿ, ಕೆಟ್ಟರೆ ‘ವೆರಿ’ ಬಳಸಿ.

ಹೊಗಳಿಕೆಯಲ್ಲಿ ಈ ವ್ಯತ್ಯಾಸ ವಿಶೇಷವಾಗಿ ಮುಖ್ಯ. ನಮ್ಮಲ್ಲಿ ‘ಟೂ ಗುಡ್’ ಎಂಬುದು ಮೆಚ್ಚುಗೆಯ ಮಾತಾಗಿ ನೆಲೆಯೂರಿದೆ, ಗೆಳೆಯರ ನಡುವೆ ಅದರಿಂದ ಹಾನಿಯಿಲ್ಲ. ಆದರೆ ವಿದ್ಯಾರ್ಥಿಯೊಬ್ಬಳ ಪರವಾಗಿ ಬರೆದ ಶಿಫಾರಸು ಪತ್ರದಲ್ಲಿ ‘ಷಿ ಈಸ್ ಟೂ ಇಂಟೆಲಿಜೆಂಟ್’ ಎಂದಿದ್ದರೆ, ಹೊರದೇಶದ ವಿಶ್ವವಿದ್ಯಾಲಯದಲ್ಲಿ ಅದನ್ನು ಓದುವವರಿಗೆ ‘ಯಾವುದಕ್ಕೆ ಅತಿಯಾಯಿತು?’ ಎಂಬ ಪ್ರಶ್ನೆ ಏಳುತ್ತದೆ. ಬರೆದವರ ಸದುದ್ದೇಶ ಅಲ್ಲಿಗೆ ತಲುಪುವುದೇ ಇಲ್ಲ. ಪತ್ರ ಬರೆಯುವ ಅಧ್ಯಾಪಕರು ದಯವಿಟ್ಟು ಇದನ್ನು ಗಮನಿಸಬೇಕು.

ಇದರ ಜೊತೆಗೇ ಬರುವ ಇನ್ನೊಂದು ಗೊಂದಲ ‘ಸೋ’ ಪದದ್ದು. ‘ಎಷ್ಟು ಸೆಕೆಯಿತ್ತೆಂದರೆ ಹೊರಗೆ ಹೋಗಲಾಗಲಿಲ್ಲ’ ಎಂಬಂತಹ ವಾಕ್ಯದಲ್ಲಿ, ಅಂದರೆ ಮಟ್ಟದಿಂದ ಒಂದು ಪರಿಣಾಮ ಹುಟ್ಟಿದಾಗ, ‘ಸೋ ಹಾಟ್ ದ್ಯಾಟ್’ ಎನ್ನಬೇಕು. ‘ವೆರಿ ಹಾಟ್ ದ್ಯಾಟ್’ ಎಂಬ ರಚನೆ ಇಂಗ್ಲಿಷಿನಲ್ಲಿಲ್ಲ.

‘ದ ವೆರಿ ಫಸ್ಟ್’, ‘ದ ವೆರಿ ಬೆಸ್ಟ್’ ಎನ್ನುವುದು ಸರಿಯೇ? ‘ಬೆಟರ್’ಗೆ ಬಾರದ ‘ವೆರಿ’ ‘ಬೆಸ್ಟ್’ಗೆ ಹೇಗೆ ಬಂತು?

ಸರಿ. ಕನ್ನಡ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗಬೇಕು, ಏಕೆಂದರೆ ನಮ್ಮಲ್ಲಿ ಇದಕ್ಕೆ ಇನ್ನೂ ಚೆಲುವಾದ ಏರ್ಪಾಡಿದೆ. ಶಾಲೆಯ ವ್ಯಾಕರಣದಲ್ಲಿ ದ್ವಿರುಕ್ತಿಯ ಪಾಠದಲ್ಲಿ ಓದಿದ ‘ಮೊಟ್ಟಮೊದಲು’, ‘ಕಟ್ಟಕಡೆ’, ‘ನಟ್ಟನಡುವೆ’, ‘ತುತ್ತತುದಿ’ ಎಂಬ ಪದಗಳನ್ನು ನೆನಪಿಸಿಕೊಳ್ಳಿ. ಮೊದಲು ಎಂದ ಮೇಲೆ ಅದಕ್ಕಿಂತ ಮೊದಲಿಲ್ಲ, ಕಡೆ ಎಂದ ಮೇಲೆ ಅದಕ್ಕಿಂತ ಕಡೆಯಿಲ್ಲ. ಆದರೂ ‘ಅದೇ, ಅದಕ್ಕಿಂತ ಆಚೆ ಏನೂ ಇಲ್ಲ’ ಎಂದು ಬೊಟ್ಟುಮಾಡಿ ತೋರಿಸಲು ಈ ರೂಪಗಳು ಬೇಕಾಗುತ್ತವೆ. ಇಂಗ್ಲಿಷಿನ ‘ವೆರಿ’ ಇಲ್ಲಿ ಮಾಡುವುದೂ ಅದನ್ನೇ: ‘ದ ವೆರಿ ಫಸ್ಟ್ ಡೇ’ ಮೊಟ್ಟಮೊದಲ ದಿನ, ‘ದ ವೆರಿ ಲಾಸ್ಟ್ ಹೌಸ್’ ಕಟ್ಟಕಡೆಯ ಮನೆ, ‘ಇನ್ ದ ವೆರಿ ಮಿಡಲ್’ ನಟ್ಟನಡುವೆ, ‘ದ ವೆರಿ ಟಿಪ್’ ತುತ್ತತುದಿ. ಇಲ್ಲಿ ಅದು ಮಟ್ಟವನ್ನು ಏರಿಸುತ್ತಿಲ್ಲ, ಗುರಿಯನ್ನು ನಿಖರಗೊಳಿಸುತ್ತಿದೆ.

‘ಮೋಸ್ಟ್’ ಸೇರಿಸಿ ಮಾಡಿದ ರೂಪಗಳಿಗೆ ಮಾತ್ರ ಇದು ಹೊಂದುವುದಿಲ್ಲ. ‘ವೆರಿ ಮೋಸ್ಟ್ ಇಂಪಾರ್ಟೆಂಟ್’ ಎನ್ನದೆ ‘ಬೈ ಫಾರ್ ದ ಮೋಸ್ಟ್ ಇಂಪಾರ್ಟೆಂಟ್’ ಎನ್ನಬೇಕು.

‘ದ ವೆರಿ ಮ್ಯಾನ್’ ಎಂದರೆ ‘ತುಂಬಾ ಮನುಷ್ಯ’ ಎಂದಾಗುವುದಿಲ್ಲವೇ?

ಆಗುವುದಿಲ್ಲ, ಏಕೆಂದರೆ ಇಲ್ಲಿ ‘ವೆರಿ’ ಗುಣವಾಚಕ. ಅದಕ್ಕೆ ಕನ್ನಡದಲ್ಲಿ ಪ್ರತ್ಯೇಕ ಪದವಿಲ್ಲ, ‘ಏ’ ಎಂಬ ಒಂದು ಅಕ್ಷರ ಆ ಕೆಲಸವನ್ನೆಲ್ಲ ಮಾಡುತ್ತದೆ. ‘ದ ವೆರಿ ಮ್ಯಾನ್’ ಎಂದರೆ ‘ಅದೇ ಮನುಷ್ಯ’, ‘ದಿಸ್ ವೆರಿ ಮೊಮೆಂಟ್’ ಎಂದರೆ ‘ಈ ಕ್ಷಣವೇ’, ‘ಫ್ರಮ್ ದ ವೆರಿ ಬಿಗಿನಿಂಗ್’ ಎಂದರೆ ‘ಮೊದಲಿನಿಂದಲೇ’, ‘ದ ವೆರಿ ಥಾಟ್’ ಎಂದರೆ ‘ಆ ಯೋಚನೆಯೇ’.

ಇದರ ಹಿಂದಿನ ಚರಿತ್ರೆ ತಿಳಿದರೆ ಎರಡು ಅರ್ಥಗಳೂ ಒಂದೇ ಬಳ್ಳಿಯವೆಂದು ಗೊತ್ತಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ವೇರುಸ್’ ಎಂದರೆ ನಿಜವಾದ, ಸತ್ಯವಾದ. ನ್ಯಾಯಾಲಯದ ‘ವರ್ಡಿಕ್ಟ್’, ದಾಖಲೆಗಳ ‘ವೆರಿಫಿಕೇಷನ್’ ಎಂಬ ಪದಗಳೂ ಅದೇ ಮೂಲದವು. ಹಳೆಯ ಫ್ರೆಂಚಿನ ಮೂಲಕ, 1066ರಲ್ಲಿ ಫ್ರಾನ್ಸಿನಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಶತಮಾನಗಳಲ್ಲಿ, ಈ ಪದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ನಿಜವಾದ’ ಎಂದೇ ಇತ್ತು. 14ನೆಯ ಶತಮಾನದ ಕವಿ ಜೆಫ್ರಿ ಚಾಸರ್ ಒಬ್ಬ ವೀರಯೋಧನನ್ನು ಈ ಪದದಿಂದ ವರ್ಣಿಸುವಾಗ ‘ನಿಜವಾದ ಯೋಧ’ ಎಂದೇ ಹೇಳುತ್ತಿದ್ದಾನೆ. ಕ್ರೈಸ್ತರ ನೈಸಿಯನ್ ವಿಶ್ವಾಸಪ್ರಮಾಣದ ಹಳೆಯ ಇಂಗ್ಲಿಷ್ ಪಾಠದಲ್ಲಿ ಬರುವ ‘ವೆರಿ ಗಾಡ್ ಆಫ್ ವೆರಿ ಗಾಡ್’ ಎಂಬ ಮಾತಿನ ಅರ್ಥ ‘ನಿಜದೇವರಿಂದ ಬಂದ ನಿಜದೇವರು’ ಎಂದು. ‘ನಿಜವಾಗಿ ಒಳ್ಳೆಯದು’ ಎಂದು ಹೇಳುತ್ತಾ ಹೇಳುತ್ತಾ ‘ನಿಜವಾಗಿ’ ಎಂಬುದು ಒತ್ತುಪದವಾಗಿ, ಕ್ರಮೇಣ ‘ತುಂಬಾ’ ಎಂಬ ಅರ್ಥಕ್ಕೆ ಜಾರಿತು. ನಾವು ಕೂಡ ‘ನಿಜಕ್ಕೂ ಚೆನ್ನಾಗಿದೆ’ ಎನ್ನುವಾಗ ಸತ್ಯಾಸತ್ಯದ ವಿಚಾರ ಮಾಡುತ್ತಿರುವುದಿಲ್ಲ.

ಅದಕ್ಕೂ ಮೊದಲು ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ‘ಸ್ವಿದೆ’ ಎಂಬ, ‘ಬಲವಾಗಿ’ ಎಂಬರ್ಥದ ಪದವಿತ್ತು. ಅದು ಸಂಪೂರ್ಣ ಅಳಿದುಹೋಗಿದೆ. ಒತ್ತುಪದಗಳು ಬಹುಬೇಗ ಸವೆಯುತ್ತವೆ, ಸವೆದಂತೆ ಜನ ಹೊಸದನ್ನು ಹುಡುಕುತ್ತಾರೆ. ‘ಭಯಂಕರ ರುಚಿ’ ಎನ್ನುವ ಕನ್ನಡಿಗರೂ ‘ಟೆರಿಬ್ಲಿ ನೈಸ್’ ಎನ್ನುವ ಇಂಗ್ಲಿಷರೂ ಭಯದ ಪದವನ್ನೇ ಈ ಕೆಲಸಕ್ಕೆ ಹಚ್ಚಿದ್ದಾರೆ.

‘ವೆರಿ ಟಯರ್ಡ್’ ಸರಿಯಾದರೆ ‘ವೆರಿ ಡ್ಯಾಮೇಜ್ಡ್’ ಏಕೆ ಒಪ್ಪುವುದಿಲ್ಲ?

ಎರಡೂ ಕ್ರಿಯಾಪದದಿಂದ ಬಂದ ರೂಪಗಳೇ. ಆದರೆ ‘ಟಯರ್ಡ್’, ‘ಇಂಟರೆಸ್ಟೆಡ್’, ‘ಪ್ಲೀಸ್ಡ್’, ‘ವರೀಡ್’ ಮುಂತಾದವು ಮನಸ್ಸಿನ ಅಥವಾ ಮೈಯ ಸ್ಥಿತಿಯನ್ನು ಹೇಳುತ್ತಾ ಪೂರ್ತಿ ಗುಣವಾಚಕಗಳೇ ಆಗಿಬಿಟ್ಟಿವೆ. ‘ಡ್ಯಾಮೇಜ್ಡ್’, ‘ಯೂಸ್ಡ್’, ‘ಇಂಜರ್ಡ್’ ಎಂಬವುಗಳಲ್ಲಿ ನಡೆದ ಕ್ರಿಯೆಯ ನೆನಪು ಇನ್ನೂ ಉಳಿದಿದೆ. ಆದ್ದರಿಂದ ‘ಬ್ಯಾಡ್ಲಿ ಡ್ಯಾಮೇಜ್ಡ್’, ‘ವೈಡ್ಲಿ ಯೂಸ್ಡ್’, ‘ಸೀರಿಯಸ್ಲಿ ಇಂಜರ್ಡ್’ ಎನ್ನುತ್ತಾರೆ.

‘ವೆರಿ ಯುನೀಕ್’, ‘ವೆರಿ ಪರ್ಫೆಕ್ಟ್’, ‘ವೆರಿ ಡೆಲಿಷಿಯಸ್’ ಬರೆಯಬಹುದೇ?

‘ಯುನೀಕ್’ ಎಂದರೆ ಅದರಂತಹುದು ಇನ್ನೊಂದಿಲ್ಲ ಎಂದರ್ಥ, ಅದರಲ್ಲಿ ಹೆಚ್ಚು ಕಡಿಮೆ ಇರುವುದಿಲ್ಲ. ಮಾತಿನಲ್ಲಿ ‘ವೆರಿ ಯುನೀಕ್’ ಎನ್ನುವ ಇಂಗ್ಲಿಷ್ ಮನೆಮಾತಿನವರು ಬಹಳ ಮಂದಿ ಇದ್ದಾರೆ, ಆದರೆ ಎಚ್ಚರದ ಬರವಣಿಗೆಯಲ್ಲಿ ಅದನ್ನು ದೋಷವೆಂದೇ ಎಣಿಸುವ ಸಂಪಾದಕರೂ ಪರೀಕ್ಷಕರೂ ಇರುವುದರಿಂದ ಬಿಡುವುದು ಕ್ಷೇಮ. ‘ಡೆಲಿಷಿಯಸ್’, ‘ಹ್ಯೂಜ್’, ‘ಎಕ್ಸಲೆಂಟ್’ ಇವುಗಳ ಅರ್ಥದಲ್ಲೇ ‘ತುಂಬಾ’ ಸೇರಿದೆ. ಇವುಗಳಿಗೆ ಒತ್ತು ಬೇಕಾದರೆ ‘ಅಬ್ಸಲ್ಯೂಟ್ಲಿ’ ಅಥವಾ ‘ರಿಯಲಿ’ ಬಳಸಬಹುದು. ಹೆಚ್ಚುಕಡಿಮೆ ಇಲ್ಲದ ‘ಪ್ರೆಗ್ನೆಂಟ್’ ಪದಕ್ಕೆ ಮಾತಿನಲ್ಲಿ ‘ವೆರಿ’ ಸೇರಿಸಿದರೆ, ಹೆರಿಗೆ ಹತ್ತಿರವಾಗಿದೆ, ನೋಡಿದರೇ ತಿಳಿಯುತ್ತದೆ ಎಂಬ ಅರ್ಥ ಬರುತ್ತದೆ. ನಮ್ಮ ‘ತುಂಬು ಗರ್ಭಿಣಿ’ ಅದಕ್ಕೆ ಸರಿಯಾಗಿ ಹೊಂದುತ್ತದೆ.

‘ನಾಟ್ ವೆರಿ ಗುಡ್’ ಎಂದರೆ ಒಳ್ಳೆಯದು, ಆದರೆ ತುಂಬಾ ಒಳ್ಳೆಯದಲ್ಲ ಎಂದೇ?

ಅಕ್ಷರಶಃ ನೋಡಿದರೆ ಹಾಗೆ. ಬಳಕೆಯಲ್ಲಿ ಹಾಗಲ್ಲ. ‘ಅಷ್ಟೇನೂ ಚೆನ್ನಾಗಿಲ್ಲ’ ಎಂದು ನಾವು ಹೇಳಿದಾಗ ಚೆನ್ನಾಗಿಲ್ಲ ಎಂಬುದನ್ನೇ ಮೆತ್ತಗೆ ಹೇಳುತ್ತಿರುತ್ತೇವೆ. ‘ನಾಟ್ ವೆರಿ ಗುಡ್’ ಕೂಡ ಅದೇ. ಬ್ರಿಟಿಷ್ ಸಹೋದ್ಯೋಗಿಯೊಬ್ಬರು ‘ಐ ಆಮ್ ನಾಟ್ ವೆರಿ ಹ್ಯಾಪಿ ವಿತ್ ದಿಸ್ ರಿಪೋರ್ಟ್’ ಎಂದರೆ ಅವರಿಗೆ ಅಸಮಾಧಾನವಾಗಿದೆ ಎಂದೇ ತಿಳಿಯಬೇಕು, ಸ್ವಲ್ಪ ತಿದ್ದಿದರೆ ಸಾಕೆಂದು ಭಾವಿಸಬಾರದು. ಈ ರೂಪವನ್ನು ನೀವೂ ಧಾರಾಳವಾಗಿ ಬಳಸಿ. ಒಬ್ಬರ ಕೆಲಸವನ್ನು ನೇರವಾಗಿ ‘ಬ್ಯಾಡ್’ ಎನ್ನುವುದಕ್ಕಿಂತ ಇದು ಸಭ್ಯವಾಗಿರುತ್ತದೆ.

‘ವೆರಿ ವೆರಿ’ ಎಂದು ಎರಡು ಬಾರಿ ಹೇಳಬಹುದೇ?

ಮಾತಿನಲ್ಲಿ ಹೇಳಬಹುದು, ಇಂಗ್ಲಿಷರೂ ಹೇಳುತ್ತಾರೆ. ಅರ್ಜಿಯಲ್ಲಿ, ವರದಿಯಲ್ಲಿ ಬೇಡ. ಆದರೆ ‘ದೊಡ್ಡ ದೊಡ್ಡ ಮನೆಗಳು’ ಎಂಬುದನ್ನು ‘ವೆರಿ ವೆರಿ ಬಿಗ್ ಹೌಸಸ್’ ಎಂದು ಅನುವಾದಿಸಬೇಡಿ. ಕನ್ನಡದ ಆ ದ್ವಿರುಕ್ತಿ ಅಂತಹ ಮನೆಗಳು ಹಲವಿವೆ ಎಂದು ಹೇಳುತ್ತದೆ. ಅಲ್ಲಿ ‘ಬಿಗ್ ಹೌಸಸ್’ ಎಂದರೆ ಸಾಕು.

‘ವೆರಿ ವೆಲ್’ ಮತ್ತು ‘ಆಲ್ ವೆರಿ ವೆಲ್’ ಎಂಬ ನುಡಿಗಟ್ಟುಗಳ ಅರ್ಥವೇನು?

‘ಹೌ ಆರ್ ಯೂ?’ ಎಂಬ ಪ್ರಶ್ನೆಗೆ ‘ವೆರಿ ವೆಲ್’ ಎಂದರೆ ಚೆನ್ನಾಗಿದ್ದೇನೆ. ಒಂದು ಸೂಚನೆಗೆ ಉತ್ತರವಾಗಿ ‘ವೆರಿ ವೆಲ್’ ಎಂದರೆ ‘ಆಗಲಿ’ ಎಂಬ ಒಪ್ಪಿಗೆ, ಕೆಲವೊಮ್ಮೆ ಮನಸ್ಸಿಲ್ಲದ ಒಪ್ಪಿಗೆ. ‘ದ್ಯಾಟ್ಸ್ ಆಲ್ ವೆರಿ ವೆಲ್, ಬಟ್’ ಎಂದು ಶುರುವಾದರೆ ‘ಅದೆಲ್ಲ ಸರಿ, ಆದರೆ’ ಎಂದು ಆಕ್ಷೇಪ ಬರುತ್ತಿದೆ ಎಂದು ತಿಳಿಯಿರಿ.

ಒಳ್ಳೆಯ ಬರವಣಿಗೆಯಲ್ಲಿ ‘ವೆರಿ’ ಬಳಸಲೇಬಾರದು ಎನ್ನುತ್ತಾರೆ, ನಿಜವೇ?

ಅದು ಅತಿಯಾದ ಸಲಹೆ. ‘ವೆರಿ ಟಯರ್ಡ್’ ಬದಲು ‘ಎಕ್ಸಾಸ್ಟೆಡ್’, ‘ವೆರಿ ಸ್ಮಾಲ್’ ಬದಲು ‘ಟೈನಿ’ ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಪದ್ಧತಿ ನಮ್ಮ ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ಹೆಚ್ಚಾಗಿದೆ. ಪಟ್ಟಿಯಿಂದ ಪದಸಂಪತ್ತು ಬೆಳೆಯುವುದು ನಿಜ, ಆದರೆ ಆ ಜೋಡಿಗಳು ಪರಸ್ಪರ ಬದಲಿಗಳಲ್ಲ. ‘ವೆರಿ ಓಲ್ಡ್’ ಎಂಬುದಕ್ಕೆ ‘ಏನ್ಷಿಯಂಟ್’ ಎಂದು ಕಲಿತ ವಿದ್ಯಾರ್ಥಿ ‘ಮೈ ಗ್ರ್ಯಾಂಡ್‌ಮದರ್ ಈಸ್ ಏನ್ಷಿಯಂಟ್’ ಎಂದು ಬರೆದರೆ ಅಜ್ಜಿಗೆ ಅವಮಾನವಾಗುತ್ತದೆ. ಸರಳವಾದ ‘ವೆರಿ ಓಲ್ಡ್’ ಅಲ್ಲಿ ಗೌರವದ ಮಾತು. ಪ್ರತಿ ವಾಕ್ಯದಲ್ಲೂ ‘ವೆರಿ’ ಬಂದರೆ ಅದಕ್ಕೆ ಬೆಲೆ ಉಳಿಯುವುದಿಲ್ಲ ಎಂಬಷ್ಟನ್ನು ಮಾತ್ರ ಆ ಸಲಹೆಯಿಂದ ತೆಗೆದುಕೊಳ್ಳಿ. ಬರೆದದ್ದನ್ನು ಮತ್ತೊಮ್ಮೆ ಓದುವಾಗ ಒಂದೊಂದು ‘ವೆರಿ’ಯನ್ನೂ ಬೆರಳಿನಿಂದ ಮುಚ್ಚಿ ನೋಡಿ. ಅರ್ಥದಲ್ಲಿ ಏನೂ ಕಡಿಮೆಯಾಗದಿದ್ದರೆ ಅದನ್ನು ತೆಗೆಯಿರಿ.

ಉಚ್ಚಾರಣೆಯಲ್ಲಿ ಗಮನಿಸಬೇಕಾದದ್ದು ಇದೆಯೇ?

ಇದೆ. ಕನ್ನಡದ ‘ವ’ ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯು’ ಅಕ್ಷರಗಳ ಎರಡು ಬೇರೆ ಬೇರೆ ಧ್ವನಿಗಳ ನಡುವೆ ನಿಲ್ಲುತ್ತದೆ. ‘ವೆರಿ’ ಎನ್ನುವಾಗ ಮೇಲಿನ ಹಲ್ಲುಗಳು ಕೆಳತುಟಿಯನ್ನು ಮುಟ್ಟಬೇಕು, ಗಾಳಿ ಅವುಗಳ ನಡುವೆ ಉಜ್ಜಿಕೊಂಡು ಹೊರಬರಬೇಕು. ತುಟಿಗಳನ್ನು ದುಂಡಗೆ ಮಾಡಿದರೆ ಕೇಳುವವರಿಗೆ ಅದು ಬೇರೆ ಪದದ ಆರಂಭದಂತೆ ತೋರುತ್ತದೆ. ಸ್ವರವನ್ನೂ ಗಿಡ್ಡವಾಗಿಯೇ ಇಡಬೇಕು. ಬ್ರಿಟಿಷ್ ಉಚ್ಚಾರಣೆಯಲ್ಲಿ ಅದನ್ನು ಎಳೆದರೆ ‘ಬದಲಾಗು’ ಎಂಬರ್ಥದ ಇನ್ನೊಂದು ಪದವಾಗುತ್ತದೆ, ಆದರೆ ಅಮೆರಿಕದ ಬಹಳಷ್ಟು ಕಡೆ ಆ ಎರಡು ಪದಗಳು ಒಂದೇ ರೀತಿ ಕೇಳಿಸುತ್ತವೆ.